ಊರಿಗೊಂದು ವೇಷ, ವೇಷಕ್ಕೊಂದು ಅಳತೆ

ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಬಂದು, ಅಲ್ಲಿ ಬಿಸಿ ನೀರುದೋಸೆ ತಿಂದು, ಕಳಸದ ಕಡೆಯ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿಗೆ ಕಂಡಕ್ಟರು ‘ಹ್ಯಾಂಡ್‌ಪೋಸ್ಟ್, ಹ್ಯಾಂಡ್‌ಪೋಸ್ಟ್’ ಎಂದು ಕೂಗುತ್ತಾರೆ. ಅದೇ ನಮ್ಮ ಬಾಳೂರು. ಸುತ್ತ ಕಾಫಿ ತೋಟ, ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಹತ್ತಿರದ ಜಾವಳಿಯಲ್ಲಿ ಹೇಮಾವತಿ ನದಿಯ ಹುಟ್ಟು. ಹಿಂದೆ ದಾರಿ ಕವಲೊಡೆಯುವ ಕಡೆ ಕೈಯ ಹಾಗೆ ಚಾಚಿದ ಹಲಗೆ ನೆಟ್ಟು ಊರುಗಳ ದಿಕ್ಕು ತೋರಿಸುತ್ತಿದ್ದರು. ಆ ಕೈಮರದಿಂದಲೇ ಮಲೆನಾಡಿನ ಕೆಲವು ಊರುಗಳಿಗೆ ಹ್ಯಾಂಡ್‌ಪೋಸ್ಟ್ ಎಂಬ ಹೆಸರು ಅಂಟಿಕೊಂಡಿತು.

ಇಂಥ ಊರಿನಲ್ಲಿ ಕೂತು ನಾನು ಬರೆಯಹೊರಟಿರುವುದು ವೇಷದ ಸ್ಪರ್ಧೆಗಳ ಬಗ್ಗೆ. ಅದಕ್ಕೆ ಕಾರಣ ಬೆಂಗಳೂರಿನಲ್ಲಿ ಒಂಬತ್ತನೇ ತರಗತಿ ಓದುವ ನನ್ನ ಮೊಮ್ಮಗಳು. ಅವಳು ಒಮ್ಮೆ ಜಟಾಯುವಿನ ವೇಷ ಮಾಡಿದಳು. ರಟ್ಟು ಅವಳದು, ನಮ್ಮ ತೋಟದ ಅಡಿಕೆ ಹಾಳೆ ನನ್ನದು. ಹಾಳೆ ಸೀಳಿ, ಬಣ್ಣ ಬಳಿದು, ಗರಿ ಮಾಡಿ, ಬಿಚ್ಚಿ ಮುಚ್ಚುವ ಎರಡು ರೆಕ್ಕೆ ಕಟ್ಟಲು ಅವಳಿಗೆ ಒಂದು ತಿಂಗಳು ಹಿಡಿಯಿತು. ಶಾಲೆಯಲ್ಲಿ ಮೊದಲ ಬಹುಮಾನ ಬಂತು. ಅದೇ ವೇಷವನ್ನು ಬಡಾವಣೆಯೊಂದರ ಗಣೇಶೋತ್ಸವಕ್ಕೆ ತೊಟ್ಟು ಹೋದರೆ ಸಮಾಧಾನಕರ ಬಹುಮಾನವೂ ಇಲ್ಲ.

‘ಅಜ್ಜ, ಎರಡರಲ್ಲಿ ಯಾವ ತೀರ್ಪು ಸರಿ?’ ಎಂದು ಫೋನಿನಲ್ಲಿ ಕೇಳಿದಳು. ಇನ್ನು ಮೇಲೆ ವೇಷದ ಸಹವಾಸವೇ ಬೇಡ ಎಂದೂ ಸೇರಿಸಿದಳು.

ಮೂವತ್ತಾರು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತವನು ನಾನು. ಲೆಕ್ಕ ತಾಳೆಯಾಗದಿದ್ದರೆ ಲೆಡ್ಜರ್ ತೆಗೆದು ನೋಡಬೇಕೇ ಹೊರತು ಕೌಂಟರು ಮುಚ್ಚಬಾರದು. ಹಾಗಾಗಿ ಕಳೆದ ಎರಡು ವರ್ಷಗಳಲ್ಲಿ ರಜೆ ಸಿಕ್ಕಾಗಲೆಲ್ಲ ನಾವಿಬ್ಬರೂ ಒಂದೊಂದು ಊರಿಗೆ ಹೋಗಿ ವೇಷಗಳನ್ನು ನೋಡಿಕೊಂಡು ಬಂದೆವು. ಅದರ ಲೆಕ್ಕ ಇಲ್ಲಿದೆ.

ಮೊದಲು ನಮ್ಮೂರು

ಮಕ್ಕಳೇ, ನಿಮ್ಮ ಶಾಲೆಯಲ್ಲೂ ಛದ್ಮವೇಷ ಸ್ಪರ್ಧೆ ಇರುತ್ತದೆ. ಶಿಕ್ಷಣ ಇಲಾಖೆಯ ಪ್ರತಿಭಾ ಕಾರಂಜಿಯಲ್ಲೂ ಅದಕ್ಕೊಂದು ಜಾಗವಿದೆ. ಗಾಂಧಿ, ಕಿತ್ತೂರು ಚೆನ್ನಮ್ಮ, ಪೊಲೀಸು, ಮರ, ತರಕಾರಿ, ಮೊಬೈಲ್ ಫೋನು, ಏನು ಬೇಕಾದರೂ ಆಗಬಹುದು. ಹತ್ತಿರದ ಶಾಲೆಯೊಂದರಲ್ಲಿ ಮಕ್ಕಳ ದಿನಾಚರಣೆಗೆ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ಮೂವರು ತೀರ್ಪುಗಾರರು. ಕೈಗೊಂದು ಹಾಳೆ, ಹಾಳೆಯಲ್ಲಿ ಮೂರು ಅಂಕಣ: ವೇಷಭೂಷಣ ಹತ್ತು, ಮಾತು ಹತ್ತು, ಅಭಿನಯ ಹತ್ತು.

ಒಬ್ಬಳು ಝಾನ್ಸಿ ರಾಣಿ ಬಂದಳು. ಚಿಕ್ಕಮಗಳೂರಿನಿಂದ ಬಾಡಿಗೆಗೆ ತಂದ ಜರಿಯ ಸೀರೆ, ಕಿರೀಟ, ಫಳಫಳ ಹೊಳೆಯುವ ಕತ್ತಿ. ನೋಡಲು ಎರಡು ಕಣ್ಣು ಸಾಲದು. ಆದರೆ ಮೈಕಿನ ಮುಂದೆ ಬರುತ್ತಲೇ ಪಾಪ, ಮಾತು ಮರೆತುಹೋಯಿತು.

ಆಮೇಲೆ ಬಂದವಳು ತೋಟದ ಲೈನ್ ಮನೆಯ ಮೂರನೇ ತರಗತಿ ಹುಡುಗಿ. ಅಮ್ಮನ ಹಳೆಯ ತುಂಬುತೋಳಿನ ಅಂಗಿ, ತಲೆಗೆ ಟವೆಲ್ಲು, ಸೊಂಟಕ್ಕೆ ಕಟ್ಟಿದ ಚೀಲ, ಅದರಲ್ಲಿ ನಾಲ್ಕು ಹಿಡಿ ಕಾಫಿ ಹಣ್ಣು. ‘ನಾನು ಕಾಫಿ ಕೊಯ್ಯೋಳು’ ಎಂದು ಶುರುಮಾಡಿದಳು. ‘ಹಸಿರು ಕಾಯಿ ಕಿತ್ರೆ ರೈಟರು ಬೈತಾರೆ. ಕೆಂಪು ಹಣ್ಣು ಮಾತ್ರ ಕೀಳ್ಬೇಕು. ಸಂಜೆ ತೂಕ ಹಾಕೋವಾಗ ತಕ್ಕಡಿ ಮುಳ್ಳನ್ನೇ ನೋಡ್ತಾ ನಿಂತಿರ್ಬೇಕು. ಇಲ್ದಿದ್ರೆ ಎರಡು ಕೆ.ಜಿ. ಕಮ್ಮಿ ಬರೀತಾರೆ!’ ಸಭೆಯೆಲ್ಲ ನಕ್ಕಿತು. ನಕ್ಕವರಲ್ಲಿ ತೋಟದ ಮಾಲೀಕರೂ ಇದ್ದರು, ರೈಟರೂ ಇದ್ದರು. ಹಿಂದೆ ನಿಂತಿದ್ದ ಅವಳ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

ನಮ್ಮಲ್ಲಿ ಒಬ್ಬ ತೀರ್ಪುಗಾರರು ತಕರಾರು ತೆಗೆದರು. ‘ಇದು ವೇಷ ಹೇಗಾಗುತ್ತೆ? ಮನೆಯಲ್ಲಿದ್ದದ್ದನ್ನೇ ಹಾಕಿಕೊಂಡು ಬಂದಿದ್ದಾಳೆ. ವೇಷ ಅಂದರೆ ಬೇರೆಯವರಾಗಬೇಕು.’ ನಾನೆಂದೆ: ‘ಅವಳ ಅಮ್ಮ ಅವಳಲ್ಲವಲ್ಲ. ಎಂಟು ವರ್ಷದ ಹುಡುಗಿ ಮೂವತ್ತು ವರ್ಷದ ಹೆಂಗಸಾಗಿ ನಿಂತಿದ್ದಾಳೆ. ಅದೂ ಬೇರೆಯವರಾಗಿದ್ದೇ.’ ಕೊನೆಗೆ ವಾದ ಬಿಟ್ಟು ಅಂಕಣ ಕೂಡಿದೆವು. ರಾಣಿಗೆ ವೇಷಕ್ಕೆ ಒಂಬತ್ತು, ಮಾತಿಗೆ ನಾಲ್ಕು, ಅಭಿನಯಕ್ಕೆ ಆರು, ಒಟ್ಟು ಹತ್ತೊಂಬತ್ತು. ಕಾಫಿ ಕೊಯ್ಯುವವಳಿಗೆ ವೇಷಕ್ಕೆ ಐದು, ಮಾತಿಗೆ ಹತ್ತು, ಅಭಿನಯಕ್ಕೆ ಒಂಬತ್ತು, ಒಟ್ಟು ಇಪ್ಪತ್ತನಾಲ್ಕು.

ಹಾಳೆಯಲ್ಲಿ ವೇಷಭೂಷಣದ ಅಂಕಣ ಒಂದೇ ಇದ್ದಿದ್ದರೆ? ರಾಣಿಯೇ ಗೆಲ್ಲುತ್ತಿದ್ದಳು. ಆಗ ಗೆಲ್ಲುವುದು ಬಾಡಿಗೆ ಕೊಡುವ ಶಕ್ತಿ ಇದ್ದ ಮನೆ. ಮೂರು ಅಂಕಣ ಇದ್ದದ್ದರಿಂದ ಏನೂ ಖರ್ಚು ಮಾಡದ ಮಗುವಿಗೂ ಬಾಗಿಲು ತೆರೆದಿತ್ತು. ಯಾವ ಅಂಕಣ ಎಳೆದಿದ್ದಾರೆ ಎಂಬುದರ ಮೇಲೆ ಸ್ಪರ್ಧೆಯ ಗುಣ ನಿಂತಿದೆ ಎಂದು ಆವತ್ತು ನನಗೆ ಸ್ಪಷ್ಟವಾಯಿತು.

ಉಡುಪಿಯ ಕೃಷ್ಣರು

ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದರೆ ಕರಾವಳಿ. ಅಷ್ಟಮಿಯ ಹೊತ್ತಿಗೆ ನಾವು ಉಡುಪಿಗೆ ಹೋದೆವು. ಅಷ್ಟಮಿಯ ಮರುದಿನ ಅಲ್ಲಿ ವಿಟ್ಲಪಿಂಡಿ. ರಥಬೀದಿಯಲ್ಲಿ ಮೊಸರು ಕುಡಿಕೆ ಒಡೆಯುತ್ತಾರೆ, ಕೃಷ್ಣನ ಮಣ್ಣಿನ ಮೂರ್ತಿಯನ್ನು ರಥದಲ್ಲಿ ಮೆರೆಸಿ ಮಧ್ವ ಸರೋವರದಲ್ಲಿ ವಿಸರ್ಜಿಸುತ್ತಾರೆ. ಊರೆಲ್ಲ ವೇಷಗಳೇ.

ಇಲ್ಲಿನ ಮಕ್ಕಳ ಕೃಷ್ಣವೇಷ ಸ್ಪರ್ಧೆಯ ರೀತಿಯೇ ಬೇರೆ. ನಮ್ಮೂರ ಶಾಲೆಯಲ್ಲಿ ಮೂವತ್ತು ಮಕ್ಕಳು ಬಂದರೆ ಮೂವತ್ತು ಪಾತ್ರ. ಇಲ್ಲಿ ನೂರು ಮಕ್ಕಳು ಬಂದರೂ ನೂರೂ ಕೃಷ್ಣರೇ! ಎಲ್ಲರಿಗೂ ನವಿಲುಗರಿ, ಎಲ್ಲರಿಗೂ ಕೊಳಲು. ಹಾಗಾದರೆ ಹೋಲಿಸುವುದು ಹೇಗೆ? ಅದಕ್ಕೆ ವಯಸ್ಸಿನ ವಿಭಾಗ ಮಾಡಿರುತ್ತಾರೆ: ಮುದ್ದು ಕೃಷ್ಣ, ಬಾಲಕೃಷ್ಣ, ಕಿಶೋರ ಕೃಷ್ಣ. ಕಂಕುಳಲ್ಲಿರುವ ಕೂಸಿಗೆ ಮಾತು, ಅಭಿನಯ ಎಂದರೆ ಏನು ಗೊತ್ತು? ಅಳದೆ ಒಂದು ನಗು ಕೊಟ್ಟರೆ ಅದೇ ಅಭಿನಯ. ನಾವು ನೋಡಿದ ಒಬ್ಬ ಕೃಷ್ಣ ವೇದಿಕೆಗೆ ಬರುವ ಮೊದಲೇ ಮಡಕೆಯ ಬೆಣ್ಣೆಯನ್ನೆಲ್ಲ ತಿಂದು ಮುಗಿಸಿದ್ದ. ತಾಯಿ ಕಂಗಾಲು. ನನ್ನ ಮೊಮ್ಮಗಳು ಹೇಳಿದಳು: ‘ಅಜ್ಜ, ಇಲ್ಲಿರೋರಲ್ಲಿ ಇವನೇ ನಿಜವಾದ ಕೃಷ್ಣ.’

ಇಲ್ಲಿ ಹೊಸದನ್ನು ಕಂಡುಹಿಡಿದವರಿಗೆ ಅಂಕವಿಲ್ಲ. ಎಲ್ಲರಿಗೂ ಗೊತ್ತಿರುವ ರೂಪಕ್ಕೆ ಎಷ್ಟು ಹತ್ತಿರ ಬಂದಿರಿ ಎಂಬುದೇ ಅಳತೆ. ಕಪ್ಪು ಕನ್ನಡಕ ಹಾಕಿದ ಕೃಷ್ಣನಿಗೆ ಇನ್ನೆಲ್ಲೋ ಚಪ್ಪಾಳೆ ಸಿಗಬಹುದು, ಇಲ್ಲಿ ಸಿಗುವುದು ಕಷ್ಟ.

ಮಂಗಳೂರಿನ ಹುಲಿಗಳು

ದಸರಾ ರಜೆಗೆ ಮಂಗಳೂರು. ನವರಾತ್ರಿಯಲ್ಲಿ ಅಲ್ಲಿ ತಾಸೆಯ ಸದ್ದು ಕೇಳಿದರೆ ಮನೆಯೊಳಗೆ ಕೂತವರ ಕಾಲೂ ತಾಳ ಹಾಕುತ್ತದೆ. ಅದು ಹುಲಿವೇಷ. ತುಳುವಿನಲ್ಲಿ ಹುಲಿಗೆ ‘ಪಿಲಿ’ ಎನ್ನುತ್ತಾರೆ. ದೇವಿಗೆ ಹರಕೆ ಹೊತ್ತು ಹುಲಿಯಾಗುವವರಿದ್ದಾರೆ. ಮೈಯ ಕೂದಲು ಬೋಳಿಸಿ, ಮೊದಲು ಹಳದಿ ಬಳಿದು, ಒಣಗಿದ ಮೇಲೆ ಕಪ್ಪು ಪಟ್ಟೆ ಬರೆಯಬೇಕು. ಬಣ್ಣ ಒಣಗುವವರೆಗೆ ಗಂಟೆಗಟ್ಟಲೆ ಕೈ ಚಾಚಿ ನಿಂತಿರಬೇಕು, ಕೂರುವ ಹಾಗಿಲ್ಲ. ಪಟ್ಟೆ ಹುಲಿ, ಚುಕ್ಕೆಯ ಚಿಟ್ಟೆ ಹುಲಿ, ಕಪ್ಪು ಹುಲಿ, ಸಣ್ಣ ಹುಡುಗರ ಮರಿ ಹುಲಿ ಎಂದು ಬಗೆಗಳಿವೆ.

ಸ್ಪರ್ಧೆಯಲ್ಲಿ ಬಣ್ಣ ಎಷ್ಟೇ ಚೆನ್ನಾಗಿದ್ದರೂ ಸುಮ್ಮನೆ ನಿಂತರೆ ಅಂಕ ಬರುವುದಿಲ್ಲ. ಹಿಂದಕ್ಕೆ ಬಿಲ್ಲಿನಂತೆ ಬಾಗಿ ನೆಲದ ಮೇಲಿನ ನೋಟನ್ನು ಬಾಯಿಂದ ಎತ್ತಬೇಕು. ಲಾಗ ಹಾಕಬೇಕು. ಎಲ್ಲಕ್ಕಿಂತ ದೊಡ್ಡದು ಅಕ್ಕಿ ಮುಡಿ. ಮುಡಿ ಎಂದರೆ ಬೈಹುಲ್ಲಿನಿಂದ ಉಂಡೆಯಂತೆ ಕಟ್ಟಿದ ಅಕ್ಕಿಯ ಮೂಟೆ, ಸುಮಾರು ನಲವತ್ತು ಕೆ.ಜಿ. ತೂಕ. ಅದನ್ನು ಹಲ್ಲಿನಲ್ಲಿ ಕಚ್ಚಿ ಎತ್ತಿ ತಲೆಯ ಮೇಲಿಂದ ಹಿಂದಕ್ಕೆ ಎಸೆಯುತ್ತಾರೆ! ಇದನ್ನು ಮನೆಯಲ್ಲಿ ಯಾರೂ ಮಾಡಿ ನೋಡಬಾರದು. ವರ್ಷಗಟ್ಟಲೆ ಗುರುವಿನ ಬಳಿ ಪಳಗಿದವರ ಕೆಲಸ ಅದು.

ಇನ್ನೊಂದು ವ್ಯತ್ಯಾಸ ಗಮನಿಸಿ. ಇಲ್ಲಿ ಗೆಲ್ಲುವುದು ಒಬ್ಬ ಹುಲಿಯಲ್ಲ, ಇಡೀ ತಂಡ. ತಾಸೆ ಬಡಿಯುವವರು ತಾಳ ತಪ್ಪಿದರೆ ಹುಲಿಗಳ ಹೆಜ್ಜೆ ತಪ್ಪುತ್ತದೆ. ಬಣ್ಣ ಬರೆದವರ ಕೈಚಳಕವೂ ಲೆಕ್ಕಕ್ಕೆ ಬರುತ್ತದೆ. ವೇಷ ತೊಡದವರಿಗೂ ಗೆಲುವಿನಲ್ಲಿ ಪಾಲಿದೆ. ನಮ್ಮ ಬ್ಯಾಂಕಿನಲ್ಲಿ ಕೌಂಟರಿನವನಿಗೆ ಮಾತ್ರ ನಮಸ್ಕಾರ ಸಿಗುತ್ತಿತ್ತು, ಒಳಗೆ ಲೆಡ್ಜರ್ ಬರೆಯುವವರನ್ನು ಯಾರೂ ಕಾಣುತ್ತಿರಲಿಲ್ಲ. ಮಂಗಳೂರಿನವರು ಆ ವಿಷಯದಲ್ಲಿ ನಮಗಿಂತ ಮೇಲು.

ಬೆಂಗಳೂರಿನ ಕಾಮಿಕ್ ಕಾನ್

ಇನ್ನು ಹೊಸ ಕಾಲದ ವೇಷ. ಕಾಮಿಕ್ಸ್, ಕಾರ್ಟೂನ್, ಸಿನಿಮಾ, ವಿಡಿಯೊ ಆಟಗಳ ಪಾತ್ರಗಳಂತೆ ವೇಷ ತೊಟ್ಟು ಆ ಪಾತ್ರವೇ ಆಗುವುದಕ್ಕೆ ‘ಕಾಸ್‌ಪ್ಲೇ’ ಎನ್ನುತ್ತಾರೆ. ಕಾಸ್ಟ್ಯೂಮ್ ಮತ್ತು ಪ್ಲೇ ಎಂಬ ಎರಡು ಮಾತು ಕೂಡಿಸಿ, 1983ರಲ್ಲಿ ಜಪಾನಿನ ನೊಬುಯುಕಿ ತಕಹಾಶಿ ಎಂಬುವರು ಈ ಪದ ಬಳಕೆಗೆ ತಂದರು. ನಮ್ಮ ದೇಶದಲ್ಲಿ ಕಾಮಿಕ್ ಕಾನ್ ಎಂಬ ಮೇಳ 2011ರಲ್ಲಿ ದೆಹಲಿಯಲ್ಲಿ ಶುರುವಾಗಿ ಮರುವರ್ಷ ಬೆಂಗಳೂರಿಗೂ ಬಂತು. ಈಚೆಗೆ ಇದು ನಡೆಯುವುದು ವೈಟ್‌ಫೀಲ್ಡಿನ ವಸ್ತುಪ್ರದರ್ಶನ ಕೇಂದ್ರದಲ್ಲಿ.

ಪಂಚೆ ಉಟ್ಟು ಹೋಗಿದ್ದ ನನ್ನನ್ನು ಒಬ್ಬ ಹುಡುಗ ‘ಅಂಕಲ್, ನೀವು ಯಾವ ಕ್ಯಾರೆಕ್ಟರ್?’ ಎಂದು ಕೇಳಿದ. ‘ಬಾಳೂರಿನ ಅಜ್ಜ’ ಎಂದೆ. ಫೋಟೊ ತೆಗೆಸಿಕೊಂಡು ಹೋದ.

ಇಲ್ಲಿ ಸ್ಪರ್ಧೆಯನ್ನು ಪಾತ್ರ ಎಲ್ಲಿಂದ ಬಂತು ಎಂಬುದರ ಮೇಲೆ ವಿಂಗಡಿಸುತ್ತಾರೆ: ಕಾಮಿಕ್ಸ್‌ನದ್ದು ಒಂದು, ಅನಿಮೇಷನ್ ಚಿತ್ರದ್ದು ಒಂದು, ಜಪಾನಿನ ಮಾಂಗಾ ಮತ್ತು ಅನಿಮೆ ಒಂದು, ವಿಜ್ಞಾನ ಕತೆ ಮತ್ತು ಅದ್ಭುತಲೋಕದ್ದು ಒಂದು, ವಿಡಿಯೊ ಆಟದ್ದು ಇನ್ನೊಂದು. ಕತ್ತಿ, ಬಂದೂಕು ಎಲ್ಲ ರಟ್ಟು, ಫೋಮುಗಳದ್ದೇ ಆಗಿರಬೇಕು. ಒಬ್ಬ ಯುವಕ ತೊಟ್ಟಿದ್ದ ಉಕ್ಕಿನ ಕವಚ ನೋಡಿ ಬೆರಗಾಗಿ ಬೆರಳಿನಿಂದ ತಟ್ಟಿದೆ. ಅದು ಯೋಗ ಮಾಡುವ ಚಾಪೆ! ಕತ್ತರಿಸಿ, ಬಿಸಿ ಗಾಳಿಯಲ್ಲಿ ಬಗ್ಗಿಸಿ, ಬೆಳ್ಳಿ ಬಣ್ಣ ಬಳಿದಿದ್ದ. ನಮ್ಮ ಯಕ್ಷಗಾನದವರು ಹಗುರವಾದ ಮರದಲ್ಲಿ ಕಿರೀಟ, ಭುಜಕೀರ್ತಿ ಕೆತ್ತಿ, ಬಣ್ಣದ ಕಾಗದ ಅಂಟಿಸಿ, ಅಪ್ಪಟ ಚಿನ್ನದಂತೆ ಕಾಣಿಸುವುದೂ ಇದೇ ಜಾಣತನ.

ಇಲ್ಲಿ ತೀರ್ಪುಗಾರರು ಹೆಚ್ಚು ಕೇಳಿದ ಪ್ರಶ್ನೆ ‘ಇದನ್ನು ಹೇಗೆ ಮಾಡಿದಿರಿ?’ ಎಂಬುದು. ಹೊಲಿಗೆ ತಿರುಗಿಸಿ ನೋಡಿದರು. ಮಾತಿಗಿಂತ ಕೈಕೆಲಸದ ಅಂಕಣ ದೊಡ್ಡದು. ಮೊಮ್ಮಗಳು ಸ್ಪರ್ಧೆಗೆ ಹೆಸರು ಕೊಟ್ಟಿರಲಿಲ್ಲ, ಸುಮ್ಮನೆ ಜಟಾಯುವಾಗಿ ತಿರುಗಾಡುತ್ತಿದ್ದಳು. ಯೋಗ ಚಾಪೆಯ ವೀರ ಬಗ್ಗಿ ಕೂತು ಅವಳ ರೆಕ್ಕೆಯ ಕೀಲನ್ನು ಹತ್ತು ನಿಮಿಷ ಪರೀಕ್ಷಿಸಿದ. ಅಡಿಕೆ ಹಾಳೆ ಎಂದರೆ ಏನು, ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿ ಬರೆದುಕೊಂಡ.

ಅವಳ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಿತು. ಶಾಲೆಯವರು ಕೈಕೆಲಸಕ್ಕೆ ಅಂಕ ಇಟ್ಟಿದ್ದರು. ಗಣೇಶೋತ್ಸವದಲ್ಲಿ ಮೂರು ನಿಮಿಷದಲ್ಲಿ ಜನರನ್ನು ನಗಿಸಿದವರಿಗೆ ಬಹುಮಾನ. ಎರಡೂ ತೀರ್ಪು ಅವರವರ ಅಳತೆಗೆ ಸರಿಯೇ. ಅಕ್ಕಿಯನ್ನು ಸೇರಿನಲ್ಲಿ ಅಳೆಯುತ್ತೇವೆ, ಬಟ್ಟೆಯನ್ನು ಮೀಟರಿನಲ್ಲಿ. ಮೀಟರ್ ಕೋಲು ತಂದು ಅಕ್ಕಿ ಅಳೆದು, ಕಡಿಮೆ ಬಂತು ಎಂದು ಅತ್ತರೆ ಆಗುತ್ತದೆಯೇ?

ಹೊರ ದೇಶಗಳಲ್ಲಿ

ಈ ಬಗೆಯ ಮೇಳಗಳ ಮೂಲ ಹುಡುಕಿದರೆ 1939ಕ್ಕೆ ಹೋಗಬೇಕು. ಆ ವರ್ಷ ನ್ಯೂಯಾರ್ಕಿನಲ್ಲಿ ವಿಜ್ಞಾನ ಕತೆಗಳನ್ನು ಪ್ರೀತಿಸುವವರ ಮೊದಲ ವಿಶ್ವ ಸಮ್ಮೇಳನ ನಡೆಯಿತು. ಫಾರೆಸ್ಟ್ ಆಕರ್‌ಮನ್ ಮತ್ತು ಮರ್ಟಲ್ ಡಗ್ಲಸ್ ಎಂಬಿಬ್ಬರು ಮುಂದಿನ ಶತಮಾನದ ಜನರಂತೆ ಉಡುಪು ತೊಟ್ಟು ಬಂದರು. ಎರಡನ್ನೂ ಹೊಲಿದವರು ಮರ್ಟಲ್. ಮರುವರ್ಷ ಶಿಕಾಗೊ ಸಮ್ಮೇಳನದಲ್ಲಿ ವೇಷದ ಸ್ಪರ್ಧೆಯನ್ನೇ ಇಟ್ಟರು.

ಅಲ್ಲಿ ನಿಯಮಗಳು ಅನುಭವದಿಂದ ಹುಟ್ಟಿದವು. 1972ರಲ್ಲಿ ಲಾಸ್ ಏಂಜಲೀಸ್‌ನ ಸಮ್ಮೇಳನದಲ್ಲಿ ಒಬ್ಬ ವ್ಯಂಗ್ಯಚಿತ್ರಕಾರ ಮೈಗೆಲ್ಲ ಪೀನಟ್ ಬಟರ್ ಅಂದರೆ ಕಡಲೆಕಾಯಿ ಬೆಣ್ಣೆ ಬಳಿದುಕೊಂಡು ಬಂದ. ದೀಪದ ಬಿಸಿಗೆ ಬೆಣ್ಣೆ ಕರಗಿತು, ವಾಸನೆ ಹೊಡೆಯಿತು, ತಾಗಿದ್ದಕ್ಕೆಲ್ಲ ಮೆತ್ತಿತು. ಆಮೇಲೆ ‘ಕಡಲೆಕಾಯಿ ಬೆಣ್ಣೆ ಬಳಿದುಕೊಂಡು ಬರಬಾರದು’ ಎಂಬ ನಿಯಮವೇ ಬಂತು!

ಆ ಸಮ್ಮೇಳನಗಳ ಇನ್ನೊಂದು ಪದ್ಧತಿ ನನಗೆ ಬಹಳ ಮೆಚ್ಚಿಗೆ. ಸ್ಪರ್ಧಿಗಳನ್ನು ಹೊಸಬರು, ಪಳಗಿದವರು, ಪರಿಣತರು ಎಂದು ಬೇರೆ ಬೇರೆ ಮಾಡುತ್ತಾರೆ. ಮೊದಲ ಸಲ ಸೂಜಿ ಹಿಡಿದವರು ಇಪ್ಪತ್ತು ವರ್ಷದ ಅನುಭವಿಯ ಎದುರು ನಿಲ್ಲಬೇಕಾಗಿಲ್ಲ. ನಮ್ಮ ಊರುಗಳಲ್ಲೂ ಸ್ವಂತ ಮಾಡಿದ ವೇಷ, ಬಾಡಿಗೆ ವೇಷ ಎಂದು ಎರಡು ವಿಭಾಗ ಮಾಡಿದರೆ ಎಷ್ಟೋ ಮಕ್ಕಳ ಮುಖ ಅರಳುತ್ತದೆ. ಶಾಲೆಯ ಮೇಷ್ಟ್ರುಗಳು ಯೋಚಿಸಬಹುದು.

ಜಪಾನಿನ ನಗೋಯ ನಗರದಲ್ಲಿ 2003ರಿಂದ ವಿಶ್ವ ಕಾಸ್‌ಪ್ಲೇ ಸಮ್ಮೇಳನ ನಡೆಯುತ್ತಿದೆ. ಅಲ್ಲಿನ ಸ್ಪರ್ಧೆಗೆ ಒಂದೊಂದು ದೇಶದಿಂದ ಇಬ್ಬರ ಜೋಡಿ ಬರುತ್ತದೆ. ಪಾತ್ರ ಜಪಾನಿನ ಕತೆಯದ್ದೇ ಆಗಬೇಕು, ವೇಷ ತಮ್ಮ ಕೈಯಿಂದಲೇ ಮಾಡಿರಬೇಕು, ವೇದಿಕೆಯಲ್ಲಿ ಪುಟ್ಟ ನಾಟಕವನ್ನೂ ಆಡಿ ತೋರಿಸಬೇಕು. ಕೈಕೆಲಸ, ಅಭಿನಯ, ಮೂಲಕ್ಕೆ ನಿಷ್ಠೆ, ಎಲ್ಲ ಒಟ್ಟಿಗೆ ಬೇಕು. ಬೆಂಗಳೂರಿನ ಕೈಚಳಕ, ಉಡುಪಿಯ ನಿಷ್ಠೆ, ಬಾಳೂರಿನ ಮಾತು ಮೂರನ್ನೂ ಕಲಸಿದ ಹಾಗೆ.

ತೀರ್ಪುಗಾರರಿಲ್ಲದ ವೇಷ

ಸ್ಪರ್ಧೆಯೇ ಇಲ್ಲದ ಒಂದು ವೇಷದ ಮಾತು ಹೇಳದಿದ್ದರೆ ಲೆಕ್ಕ ಪೂರ್ತಿಯಾಗುವುದಿಲ್ಲ. ಉಡುಪಿಯ ಹತ್ತಿರ ಕಟಪಾಡಿ ಎಂಬ ಊರಿದೆ. ಅಲ್ಲಿನ ರವಿ ಕಟಪಾಡಿ ಕಟ್ಟಡ ಕೆಲಸದ ಕೂಲಿ ಕಾರ್ಮಿಕರು. ಅಷ್ಟಮಿ ಬಂದರೆ ಹಾಲಿವುಡ್ ಸಿನಿಮಾಗಳಲ್ಲಿ ಬರುವಂಥ ವಿಚಿತ್ರ ಜೀವಿಗಳ ವೇಷ ತೊಡುತ್ತಾರೆ. ಬಣ್ಣ ಹಚ್ಚಲು ಗೆಳೆಯರ ತಂಡಕ್ಕೆ ಗಂಟೆಗಟ್ಟಲೆ ಬೇಕು. ಆ ವೇಷದಲ್ಲಿ ಬೀದಿ ಬೀದಿ ಸುತ್ತಿ ಜನ ಕೊಟ್ಟ ಹಣವನ್ನು ಕಾಯಿಲೆಯಿಂದ ನರಳುವ ಬಡ ಮಕ್ಕಳ ಚಿಕಿತ್ಸೆಗೆ ಕೊಡುತ್ತಾರೆ. ವರ್ಷವರ್ಷವೂ ಕೂಡುತ್ತಾ ಆ ಹಣ ಒಂದು ಕೋಟಿ ರೂಪಾಯಿ ದಾಟಿದೆ. ‘ಕೌನ್ ಬನೇಗಾ ಕರೋಡ್‌ಪತಿ’ ಕಾರ್ಯಕ್ರಮದವರೂ ಅವರನ್ನು ಕರೆಸಿ ಗೌರವಿಸಿದರು.

ಹಣ ಎಣಿಸುವುದೇ ನನ್ನ ಕಸುಬಾಗಿತ್ತು. ಹತ್ತು ರೂಪಾಯಿ, ಇಪ್ಪತ್ತು ರೂಪಾಯಿ ನೋಟುಗಳಲ್ಲಿ ಕೋಟಿ ಕೂಡುವುದೆಂದರೆ ಎಷ್ಟು ಸಾವಿರ ಕೈ ಚಾಚಿರಬೇಕು ಎಂದು ನನಗೆ ಗೊತ್ತು. ಈ ವೇಷಕ್ಕೆ ಅಂಕಣವೂ ಇಲ್ಲ, ಅಂಕವೂ ಇಲ್ಲ. ಗುಣವಾಗಿ ಮನೆಗೆ ಹೋದ ಮಕ್ಕಳೇ ಅದರ ಅಳತೆ.

ವೇಷ ತೊಡುವ ಮೊದಲು

ಮಕ್ಕಳೇ, ನಮ್ಮ ತಿರುಗಾಟದಿಂದ ನಾನು ಮತ್ತು ಮೊಮ್ಮಗಳು ಸೇರಿ ಐದು ಪ್ರಶ್ನೆ ಬರೆದಿದ್ದೇವೆ. ಮುಂದಿನ ಸ್ಪರ್ಧೆಗೆ ಹೆಸರು ಕೊಡುವಾಗ ಟೀಚರನ್ನು ಕೇಳಿ:

ಒಂದು, ಅಂಕ ಯಾವುದಕ್ಕೆ? ವೇಷಕ್ಕೋ, ಮಾತಿಗೋ, ಕುಣಿತಕ್ಕೋ?

ಎರಡು, ವೇಷ ಸ್ವಂತ ಮಾಡಿದ್ದಾಗಬೇಕೋ, ಬಾಡಿಗೆಯದ್ದು ಆದೀತೋ?

ಮೂರು, ಪಾತ್ರ ಮೊದಲಿನಂತೆಯೇ ಇರಬೇಕೋ, ಹೊಸತಾಗಿ ಬದಲಾಯಿಸಬಹುದೋ?

ನಾಲ್ಕು, ಎಷ್ಟು ನಿಮಿಷ? ಒಬ್ಬರೋ, ತಂಡವೋ?

ಐದು, ಏನೇನು ತರಬಾರದು? (ಕಡಲೆಕಾಯಿ ಬೆಣ್ಣೆ ಯಾವ ಊರಿನಲ್ಲೂ ಬೇಡ.)

ಅಜ್ಜ ಅಜ್ಜಿಯರಿಗೂ ಒಂದು ಮಾತು. ವೇಷದ ಬಾಡಿಗೆ ಕೊಡುವ ಮೊದಲು ಅಟ್ಟ ಹತ್ತಿ ನೋಡಿ. ಹಳೆಯ ಪೇಟ, ಕಂಬಳಿ, ಗೋಣಿ, ಅಡಿಕೆ ಹಾಳೆ, ಬಾಳೆಯ ನಾರು, ಏನಾದರೂ ಸಿಕ್ಕೇ ಸಿಗುತ್ತದೆ. ಮೊಮ್ಮಕ್ಕಳ ಜೊತೆ ಕೂತು ಗೋಂದು ಹಚ್ಚಿ. ಬಹುಮಾನದ ಲೋಟ ಅಡುಗೆಮನೆಯಲ್ಲಿ ಸಕ್ಕರೆ ತುಂಬಲು ಹೋಗುತ್ತದೆ. ಗೋಂದು ಹಚ್ಚುವಾಗ ನೀವು ಹೇಳಿದ ಕತೆಗಳು ಮಾತ್ರ ಮಕ್ಕಳ ಹತ್ತಿರವೇ ಉಳಿಯುತ್ತವೆ.